ಹೊಳನಗದ್ದೆಯ ಜಗುಲಿಯಲ್ಲಿ ನಮ್ಮ ಆಫೀಸು

ದಿನಾ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಟೀಮಿನ ಮೀಟಿಂಗು. ನಾನು ಮನೆಯಿಂದ ಕೆಲಸ ಶುರು ಮಾಡಿದ ಹೊಸದರಲ್ಲಿ ಪುಣೆಯ ಸಹೋದ್ಯೋಗಿಯೊಬ್ಬರು ಮೀಟಿಂಗಿನ ನಡುವೆಯೇ ಕೇಳಿದ್ದರು, "ನಿಮ್ಮ ತಲೆ ಮೇಲೆ ಅದೇನು ತೂಗಾಡ್ತಾ ಇದೆ? ಡೆಕೊರೇಷನ್ನಾ?"

ನನ್ನ ತಲೆಯ ಮೇಲೆ ತೂಗಾಡುತ್ತಿದ್ದದ್ದು ಈರುಳ್ಳಿ. ಕುಮಟಾದ ಸಿಹಿ ಈರುಳ್ಳಿ. ಬೇಸಿಗೆಯಲ್ಲಿ ಹೆದ್ದಾರಿ 66ರಲ್ಲಿ ಕಾರು ಓಡಿಸಿಕೊಂಡು ಹೋದವರಾದರೆ ನೀವೂ ನೋಡಿರುತ್ತೀರಿ. ಅಳ್ವೇಕೋಡಿ, ಹಂದಿಗೋಣದ ಹತ್ತಿರ ರಸ್ತೆಯ ಅಂಚಿಗೆ ಜಡೆ ಹೆಣೆದು ಸಾಲಾಗಿ ನೇತುಹಾಕಿರುತ್ತಾರೆ. ಮನೆಗೆ ತಂದು ಗಾಳಿಯಾಡುವ ಕಡೆ ತೂಗುಬಿಟ್ಟರೆ ಮಳೆಗಾಲಕ್ಕೂ ಬರುತ್ತದೆ. ನಮ್ಮ ಮನೆಯಲ್ಲಿ ಗಾಳಿಯಾಡುವ ಕಡೆ ಅಂದರೆ ಜಗುಲಿ. ನೆಟ್‌ವರ್ಕ್ ಸರಿಯಾಗಿ ಸಿಗುವುದೂ ಅಲ್ಲೇ. ಹಾಗಾಗಿ ಈರುಳ್ಳಿಗೂ ನನಗೂ ಒಂದೇ ಆಫೀಸು.

ಹೊಳನಗದ್ದೆ ಕುಮಟಾ ಪೇಟೆಯಿಂದ ಕೆಲವೇ ಕಿಲೋಮೀಟರು. ಒಂದು ಕಡೆ ಗದ್ದೆ, ತೆಂಗು, ಇನ್ನೊಂದು ಕಡೆ ಕಡ್ಲೆಯ ಸಮುದ್ರ. ಗೋಕರ್ಣಕ್ಕೆ ಬರುವ ಬೆಂಗಳೂರಿನವರಿಗೆ ಇದರ ಹೆಸರು ಗೊತ್ತಿರುವುದಿಲ್ಲ, ಅದು ಒಳ್ಳೆಯದೇ. 2020ರ ಮಾರ್ಚಿನಲ್ಲಿ ಎರಡು ವಾರಕ್ಕೆ ಅಂತ ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ಬಂದವಳು ನಾನು. ಎರಡು ವಾರ ಅಂದದ್ದು ಐದು ವರ್ಷ ದಾಟಿತು. ನಡುವೆ ಕಂಪನಿ ಬದಲಾಯಿತು, ಹುದ್ದೆ ಬದಲಾಯಿತು, ಎಂಟು ಜನರ ಟೀಮಿಗೆ ಲೀಡ್ ಆದೆ. ಕೂರುವ ಜಾಗ ಮಾತ್ರ ಅದೇ. ಶುರುವಿನಲ್ಲಿ ಊರವರು "ಕೆಲಸ ಬಿಟ್ಟು ಬಂದ್ಯನೇ ಕೂಸೇ?" ಅಂತ ಕೇಳುತ್ತಿದ್ದರು. ಈಗ ನಾನು ಜಗುಲಿಯಲ್ಲಿ ಒಬ್ಬಳೇ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಇದನ್ನೆಲ್ಲ ಓದಿ "ಆಹಾ, ಎಂಥಾ ಜೀವನ!" ಅಂದುಕೊಂಡಿರೋ, ಸ್ವಲ್ಪ ತಡೆಯಿರಿ. ನಾನು ಹೇಳಬೇಕೆಂದಿರುವುದು ಸಮುದ್ರದ ಗಾಳಿಯ ಬಗ್ಗೆ ಅಲ್ಲ.

ನಮ್ಮ ಟೀಮಿಗೆ ರಾಯಚೂರಿನ ಹುಡುಗನೊಬ್ಬ ಸೇರಿದ್ದ. ಕಾಲೇಜು ಮುಗಿಸಿ ಮೊದಲ ಕೆಲಸ. ಅವನ ಊರಲ್ಲಿ ಅವನು, ನನ್ನ ಊರಲ್ಲಿ ನಾನು. ಆರು ತಿಂಗಳು ದಿನಾ ಮಾತಾಡಿದೆವು, ಮುಖ ನೋಡಿದ್ದು ಕಡಿಮೆ. ಕ್ಯಾಮೆರಾ ಆಫ್ ಇರುತ್ತಿತ್ತು. ನನ್ನನ್ನು ಹೆಸರಿಂದ ಕರೆಯೋ ಅಂದರೂ ಕೊನೆಯವರೆಗೆ "ಮೇಡಂ" ಬಿಡಲಿಲ್ಲ. ಕೊಟ್ಟ ಕೆಲಸ ಮುಗಿಸುತ್ತಿದ್ದ. ಏನು ಕೇಳಿದರೂ ಹೆಬ್ಬೆರಳಿನ ಚಿತ್ರ. ನಾನು ಅದನ್ನು ಒಳ್ಳೆಯ ಗುಣ ಅಂತ ತಿಳಿದುಕೊಂಡಿದ್ದೆ.

2024ರ ಆಗಸ್ಟಿನ ಒಂದು ರಾತ್ರಿ ಹೊಸ ಆವೃತ್ತಿಯೊಂದನ್ನು ಗ್ರಾಹಕರಿಗೆ ಬಿಡುಗಡೆ ಮಾಡಬೇಕಿತ್ತು. ಸಣ್ಣ ಕೆಲಸ, ಅವನೊಬ್ಬನೇ ಸಾಕು ಅಂದಿದ್ದೆವು. ಇಲ್ಲಿ ಸಂಜೆಯಿಂದಲೇ ಗಾಳಿಮಳೆ. ತೆಂಗಿನ ಹೆಡೆ ಬಿದ್ದು ಕೇಬಲ್ ಹರಿಯಿತು, ಕರೆಂಟೂ ಹೋಯಿತು, ಮೊಬೈಲಿನ ಸಿಗ್ನಲ್ಲೂ ಹೋಯಿತು. ನಾನು ಮಲಗಿಬಿಟ್ಟೆ. ಅಲ್ಲಿ ರಾತ್ರಿ ಹನ್ನೊಂದಕ್ಕೆ ಡೇಟಾಬೇಸಿನ ಒಂದು ಬದಲಾವಣೆ ಕೈಕೊಟ್ಟಿತು. ಅವನು ಬೆಳಗಿನ ಜಾವ ಐದರವರೆಗೆ ಒಬ್ಬನೇ ಒದ್ದಾಡಿದ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿಕೊಂಡ. ಬೆಳಿಗ್ಗೆ ನೆಟ್‌ವರ್ಕ್ ಬಂದಾಗ ನನ್ನ ಫೋನಿನಲ್ಲಿ ನಲವತ್ತು ಮೆಸೇಜು, ಗ್ರಾಹಕರ ಕಡೆಯವು. ಅವನದು ಒಂದೂ ಇಲ್ಲ. ಸಿಟ್ಟು ನೆತ್ತಿಗೇರಿತು. ಎಲ್ಲರೂ ಇರುವ ಗ್ರೂಪಿನಲ್ಲಿ ಬರೆದೆ: "ಆರು ಗಂಟೆ ಕಾಲ ಯಾರಿಗೂ ಹೇಳಬೇಕು ಅನ್ನಿಸಲಿಲ್ವಾ?"

ಬರೆದದ್ದು ಒಂದೇ ಸಾಲು. ಮೂರು ವಾರಕ್ಕೆ ರಾಜೀನಾಮೆ ಬಂತು. ಕೊನೆಯ ದಿನ ಫೋನ್ ಮಾಡಿ ಕೇಳಿದೆ. ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ಬರೆಯುತ್ತೇನೆ: "ಮೇಡಂ, ಎಲ್ಲರ ಹೆಸರಿನ ಬಾಜೂ ಹಸಿರು ಚುಕ್ಕಿ ಇತ್ತರಿ. ಆದ್ರ ಆ ಹೊತ್ತಿನ್ಯಾಗ ಯಾರನ್ನ ಎಬ್ಬಿಸಬಹುದು ಅಂತ ನನಗ ಗೊತ್ತಿರಲಿಲ್ರಿ. ಯಾರ ಮನಿ ಹೆಂಗೈತಿ, ಯಾರು ಬೈತಾರ, ಯಾರು ಬೈಯಂಗಿಲ್ಲ, ಒಂದೂ ಗೊತ್ತಿರಲಿಲ್ಲ."

ಆ ದಿನ ಸಂಜೆ ನಾನು ಕಡ್ಲೆ ಸಮುದ್ರದ ದಂಡೆಗೆ ಹೋಗಿ ಸುಮ್ಮನೆ ಕೂತು ಬಂದೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದಿದ್ದರೆ ಅವನ ಮುಖ ನೋಡಿದರೇ ತಿಳಿಯುತ್ತಿತ್ತು ಅಂತ ಒಂದು ಮನಸ್ಸು. ಹಾಗೇನಿಲ್ಲ, ಬೆಂಗಳೂರಿನ ಆಫೀಸಿನಲ್ಲಿ ನಾನು ಮೂರು ವರ್ಷ ಕೂತಿದ್ದೆ, ಪಕ್ಕದ ಕುರ್ಚಿಯವಳಿಗೆ ಮದುವೆ ಗೊತ್ತಾದದ್ದು ಇನ್‌ಸ್ಟಾಗ್ರಾಮಿನಲ್ಲಿ ಗೊತ್ತಾಗಿತ್ತು ಅಂತ ಇನ್ನೊಂದು ಮನಸ್ಸು. ಎರಡೂ ನಿಜವೇ.

ದೂರದ ಕೆಲಸದ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ಮೈಕ್ರೋಸಾಫ್ಟಿನ 61,182 ಅಮೆರಿಕನ್ ನೌಕರರ ಇಮೇಲು, ಮೀಟಿಂಗು, ಕರೆಗಳ ಲೆಕ್ಕ ಹಿಡಿದು ಮಾಡಿದ ಅಧ್ಯಯನವೊಂದು 2021ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಬಂದಿದೆ. ಎಲ್ಲರೂ ಮನೆಗೆ ಹೋದ ಮೇಲೆ ಜನ ತಮ್ಮ ಸಣ್ಣ ಗುಂಪಿನೊಳಗೇ ಹೆಚ್ಚು ಮಾತಾಡಿದರು, ಗುಂಪಿನಾಚೆಯ ನಂಟು ಸಡಿಲವಾಯಿತು, ಹೊಸ ಪರಿಚಯಗಳು ಕಡಿಮೆಯಾದವು ಅನ್ನುತ್ತದೆ ಅದು. ಓದಿದಾಗ ರಾಯಚೂರಿನ ಹುಡುಗ ಕಣ್ಣಮುಂದೆ ಬಂದ. ಹಳಬರಾದ ನಮಗೆ ಹಳೆಯ ಪರಿಚಯದ ಬಂಡವಾಳ ಇತ್ತು. ಯಾರನ್ನು ರಾತ್ರಿ ಎಬ್ಬಿಸಬಹುದು ಅಂತ ನಮಗೆ ಗೊತ್ತಿತ್ತು. ಅವನು ಬರಿಗೈಯಲ್ಲಿ ಬಂದಿದ್ದ, ನಾವು ಅವನ ಕೈಗೆ ಏನೂ ಹಾಕಲಿಲ್ಲ.

ಕಂಪನಿಯೂ ಸುಮ್ಮನೆ ಕೂರಲಿಲ್ಲ. ಮೊದಲು ಬಂದದ್ದು ಆನ್‌ಲೈನ್ ಪಾರ್ಟಿ. ಎಲ್ಲರ ಮನೆಗೂ ಒಂದೊಂದು ಕೇಕು, ಒಂದೇ ಹೊತ್ತಿಗೆ ಕ್ಯಾಮೆರಾ ಮುಂದೆ ಕತ್ತರಿಸೋದು. ಹೊಳನಗದ್ದೆಗೆ ಕೇಕು ಬಂದದ್ದು ನಾಲ್ಕು ದಿನ ಬಿಟ್ಟು. ಪಾರ್ಟಿಯ ದಿನ ನಾನು ಆಯಿ ಮಾಡಿದ ತೆಳ್ಳೇವನ್ನೇ ಚಾಕುವಿನಿಂದ ಕತ್ತರಿಸಿದೆ. ಆಮೇಲೆ ಬಂದದ್ದು ಕಾವಲು ಸಾಫ್ಟ್‌ವೇರು. ಹತ್ತು ನಿಮಿಷಕ್ಕೊಮ್ಮೆ ಪರದೆಯ ಫೋಟೋ ತೆಗೆಯುತ್ತದೆ, ಮೌಸು ಅಲ್ಲಾಡದಿದ್ದರೆ ಲೆಕ್ಕ ಇಡುತ್ತದೆ. ನಮ್ಮ ಟೀಮಿನ ಒಬ್ಬ ಮೌಸನ್ನು ಟೇಬಲ್ ಫ್ಯಾನಿಗೆ ದಾರದಿಂದ ಕಟ್ಟಿದ. ಎಂಜಿನಿಯರಿಂಗ್ ಓದಿದ್ದು ಸಾರ್ಥಕವಾಯಿತು.

ಈ ಸಾಫ್ಟ್‌ವೇರಿನ ಕತೆ ಹೇಳಿದಾಗ ಅಪ್ಪ ಕವಳ ಹಾಕುತ್ತಾ ನಕ್ಕರು. ಅವರು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು, ಎಲ್ಲದಕ್ಕೂ ಒಂದು ಹಳೆಯ ಕತೆ ಇರುತ್ತದೆ. ಕುಮಟಾದ ಹೆಸರು ಒಂದು ಕಾಲಕ್ಕೆ ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ ಓಡಾಡುತ್ತಿತ್ತು. ಹತ್ತಿ ಬೆಳೆಯದ ಊರಿನ ಹೆಸರು ಹತ್ತಿಗೆ! ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಇಲ್ಲಿನ ಬಂದರಿಗೆ ಬಂದು, ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಅದಕ್ಕೇ ಅದು 'ಕುಮಟಾ ಹತ್ತಿ'. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನದಕ್ಕೆ ಚಿನ್ನದ ಬೆಲೆ. ಬೆಳೆದವನು ಗಿರಣಿಯವನನ್ನು ನೋಡಿಲ್ಲ, ಗಿರಣಿಯವನು ದಲಾಲಿಯನ್ನು ನೋಡಿಲ್ಲ. ಮೂಟೆಯೊಳಗೆ ಬೀಜ, ಕಸ, ಮಣ್ಣು ಸೇರತೊಡಗಿತು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ಕಲಬೆರಕೆ ತಡೆಯಲೆಂದೇ ಕಾಯ್ದೆ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು.

"ದೂರ ಇದ್ದವರ ನಡುವೆ ನಂಬಿಕೆ ಹೋದರೆ ಮೊದಲು ಬರುವವ ಇನ್‌ಸ್ಪೆಕ್ಟರು," ಅಂದರು ಅಪ್ಪ. "ಆದರೆ ಕೂಸೇ, ಕಳ್ಳನೂ ಇನ್‌ಸ್ಪೆಕ್ಟರೂ ಇಬ್ಬರೂ ಹತ್ತಿ ಬೆಳೆಯೋದಿಲ್ಲ."

2025ರ ಜನವರಿಯಲ್ಲಿ ಆ ಮೇಲ್ ಬಂತು. ಏಪ್ರಿಲಿನಿಂದ ಎಲ್ಲರೂ ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸಿಗೆ ಬರಬೇಕು. ಬೇಡ ಅನ್ನುವ ಟೀಮುಗಳು ದೂರದಿಂದಲೇ ಹೇಗೆ ಒಂದಾಗಿ ಕೆಲಸ ಮಾಡುತ್ತೇವೆ ಅಂತ ಬರೆದು ಒಪ್ಪಿಸಬೇಕು. ನನಗೆ ಇಲ್ಲಿ ಅಪ್ಪ, ಆಯಿ. ಕೊಯಮತ್ತೂರಿನ ಸಹೋದ್ಯೋಗಿಗೆ ಎರಡು ವರ್ಷದ ಮಗು. ಶಿವಮೊಗ್ಗದವನು ಸಾಲ ಮಾಡಿ ಮನೆ ಕಟ್ಟಿಸಿದ್ದಾನೆ. ಬರೆಯೋದೇನೋ ಬರೆಯಬಹುದು, ಅಂಥ ಮಾತುಗಳನ್ನು ಹೊಸೆದು ಕೊಡುವ ಆ್ಯಪ್‌ಗಳೇ ಇವೆ. ಆದರೆ ರಾಯಚೂರಿನ ಹುಡುಗನ ಮಾತು ಕಿವಿಯಲ್ಲಿದ್ದಾಗ ಸುಳ್ಳು ಬರೆಯಲು ಕೈ ಬರಲಿಲ್ಲ. "ಮಾರ್ಚ್ ಕೊನೆಗೆ ಮೂರು ದಿನ ನಮ್ಮೂರಿಗೆ ಬನ್ನಿ. ಊಟ, ವಸತಿ ನಮ್ಮ ಮನೆಯಲ್ಲಿ. ಪ್ರಯಾಣದ ಖರ್ಚು ನಿಮ್ಮದು," ಅಂತ ಟೀಮಿಗೆ ಬರೆದೆ. ಆರು ಜನ ಬಂದರು.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಕುಮಟಾ. ಸ್ಟೇಷನ್ನಿನಲ್ಲಿ ಇಳಿದವರನ್ನು ನೋಡಿ ಮೊದಲು ಬಂದ ಯೋಚನೆ ನಗೆ ತರಿಸುವಂಥದ್ದು. ಪುಣೆಯವರು ಇಷ್ಟು ಎತ್ತರ ಇದ್ದಾರಾ? ನಾಲ್ಕು ವರ್ಷ ಅವರ ಎದೆಯಿಂದ ಮೇಲಷ್ಟೇ ನೋಡಿದ್ದೆ. ಕೊಯಮತ್ತೂರಿನವಳು ಮಗುವನ್ನೂ ಕರೆತಂದಿದ್ದಳು. ಟೆಂಪೋದಲ್ಲಿ ಮನೆ ಮುಟ್ಟುವಷ್ಟರಲ್ಲಿ ಅದು ಆಯಿಯ ಸೊಂಟ ಏರಿ ಆಗಿತ್ತು. "ಮೊದಲು ಆಸರಿಗೆ ಕುಡೀರಿ," ಅಂತ ಆಯಿ ಎಲ್ಲರ ಕೈಗೂ ಒಂದೊಂದು ಲೋಟ ಮಜ್ಜಿಗೆ ಹಿಡಿಸಿದರು. ಲ್ಯಾಪ್‌ಟಾಪ್ ತೆಗೆಯಲು ಹೊರಟ ಪುಣೆಯವರಿಗೆ ಎರಡನೆಯ ಲೋಟ ಬಂತು.

ಮಾರನೆಯ ದಿನ ಬೆಳಿಗ್ಗೆ ಕಡ್ಲೆಯ ದಂಡೆಯಲ್ಲಿ ಬಲೆ ಎಳೆಯುತ್ತಿದ್ದರು. ಹಿಂದಿನ ಕಾಲದ ರಂಪಣಿಗೆ ಹತ್ತಾರು ಜನ ಬೇಕಿತ್ತಂತೆ. ಅಷ್ಟು ಉದ್ದದ ಬಲೆಯನ್ನು ದೋಣಿಯಲ್ಲಿ ಅರ್ಧ ಚಂದ್ರದ ಹಾಗೆ ಬಿಟ್ಟು ಎರಡು ತುದಿಯಿಂದ ದಡಕ್ಕೆ ಎಳೆಯೋದು, ಸಿಕ್ಕ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಕುಸಿಯಿತು. ನಾವು ನೋಡಿದ್ದು ಸಣ್ಣ ಬಲೆ, ಹದಿನೈದು ಜನ. ನಮ್ಮವರೂ ಹಗ್ಗಕ್ಕೆ ಕೈಹಾಕಿದರು. ಹುರುಪಿನಲ್ಲಿ ಜೋರಾಗಿ ಎಳೆದದ್ದಕ್ಕೆ ಬೈಸಿಕೊಂಡದ್ದೂ ಆಯಿತು. ಒಂದು ಹಗ್ಗ ಮುಂದೆ ಬಂದು ಇನ್ನೊಂದು ಹಿಂದುಳಿದರೆ ಮೀನು ಆ ಸಂದಿಯಿಂದಲೇ ಪಾರು. ಆ ಕಡೆಯವನು ಏನು ಮಾಡುತ್ತಿದ್ದಾನೆ ಅಂತ ನೋಡಿಕೊಂಡು ಈ ಕಡೆ ಎಳೆಯಬೇಕು. "ಇದನ್ನ ಪಿಪಿಟಿಗೆ ಹಾಕ್ಬೇಡ," ಅಂದ ಶಿವಮೊಗ್ಗದವನು. ಹಾಕಲಿಲ್ಲ. ಬೆರಳಿನ ಬೊಬ್ಬೆ ಅವನಿಗೇ ಹೆಚ್ಚು ಎದ್ದಿತ್ತು.

ಮಧ್ಯಾಹ್ನ ಅಪ್ಪೆಹುಳಿ ಊಟ ಮಾಡಿ ಮಾಣಿಕಟ್ಟಾಕ್ಕೆ ಹೋದೆವು. ಪ್ರವಾಸಿಗರ ಪಟ್ಟಿಯಲ್ಲಿ ಇಲ್ಲದ ಜಾಗ, ನೋಡಲೇಬೇಕಾದ ಜಾಗ. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಶಿರಸಿಯ ಕಡೆಯಿಂದ ತನ್ನ ಪಾಡಿಗೆ ಹರಿದು ಬಂದು ಇಲ್ಲಿ ಅಗಲವಾಗಿ ಸಮುದ್ರ ಸೇರುತ್ತದೆ. ಈ ಅಳಿವೆ ಪ್ರದೇಶ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದಿನಕ್ಕೆ ಎರಡು ಸಲ ಉಬ್ಬರ ಬಂದಾಗ ಉಪ್ಪುನೀರು ಒಳಗೆ ಬರುತ್ತದೆ. ಆ ಉಪ್ಪುನೀರಿನ ಮಗ್ಗುಲಲ್ಲೇ ಭತ್ತ ಬೆಳೆಯುತ್ತಾರೆ! ಆ ಗದ್ದೆಗಳಿಗೆ ಗಜನಿ ಅನ್ನುತ್ತಾರೆ, ಭತ್ತದ ಹೆಸರು ಕಗ್ಗ. ಉಪ್ಪು ತಡೆಯುತ್ತದೆ, ನೆರೆ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿಯಾದಾಗ ಬಿತ್ತಿ, ಮಳೆ ಮುಗಿದ ಮೇಲೆ ಕೊಯ್ಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಮೀನು, ಸಿಗಡಿ.

ಇಷ್ಟೂ ನಡೆಯುವುದು ಒಂದು ಒಡ್ಡಿನ ಮೇಲೆ. ಹೊಳೆಗೂ ಗಜನಿಗೂ ನಡುವೆ ಉದ್ದಕ್ಕೆ ಒಡ್ಡು, ಅದರಲ್ಲಿ ಅಲ್ಲಲ್ಲಿ ನೀರು ಬಿಡಲು, ತಡೆಯಲು ಬಾಗಿಲು. ಬಾಗಿಲಿಗೆ ಜಂತ್ರಡಿ ಅನ್ನುತ್ತಾರೆ. ಗದ್ದೆ ನೂರಾರು ಜನರದು, ಒಡ್ಡು ಎಲ್ಲರದು. ಒಂದು ಕಡೆ ಒಡೆದರೆ ಉಪ್ಪುನೀರು ಯಾರ ಪಹಣಿಯನ್ನೂ ಕೇಳದೆ ಎಲ್ಲರ ಪೈರನ್ನೂ ಸುಡುತ್ತದೆ.

ಒಡ್ಡಿನ ಮೇಲೆ ಒಬ್ಬ ಹಿರಿಯ ರೈತರು ಸಿಕ್ಕರು. ಅಪ್ಪನ ಪರಿಚಯದವರು. ಲುಂಗಿ ಎತ್ತಿ ಕಟ್ಟಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಬಗ್ಗಿ ಬಗ್ಗಿ ನೋಡುತ್ತಾ ಬರುತ್ತಿದ್ದರು. ಮೊದಲ ಹದಿನೈದು ನಿಮಿಷ ಸಿಗಡಿ ಗುತ್ತಿಗೆಯವರನ್ನೂ, ಒಡ್ಡಿನ ವಂತಿಗೆ ಕೊಡದ ನೆರೆಯವನನ್ನೂ ಬೈದರು. ಆಮೇಲೆ ನಾನು ಕೇಳಿದೆ, ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಒಡ್ಡು ಒಡೆಯುತ್ತದಾ ಅಂತ.

"ಉಬ್ಬರಕ್ಕೆ ಒಡೆಯೂದಲ್ಲ ತಂಗೀ. ಉಬ್ಬರ ಯಾವಾಗ ಬರ್ತದೆ ಅಂತ ಎಲ್ಲರಿಗೂ ಗೊತ್ತಿರ್ತದೆ. ಒಡೆಯೂದು ಏಡಿ ಬಿಲಕ್ಕೆ." ಕೋಲಿನಿಂದ ತೋರಿಸಿದರು. ಎರಡು ಬೆರಳು ಹೋಗುವಷ್ಟು ತೂತು. ಕಾಲಿನಿಂದ ಕೆಸರು ತುಳಿದು ಮುಚ್ಚಿದರು. ಹತ್ತು ಹೆಜ್ಜೆಗೆ ಇನ್ನೊಂದು.

"ಇದು ನಿಮ್ಮ ಗದ್ದೆಯ ಬದಿಯಾ?" ಅಂತ ಪುಣೆಯವರು ಕೇಳಿದರು. ನಾನು ಕನ್ನಡಕ್ಕೆ ತಂದೆ.

"ನನ್ನದು ಆಚೆ ಬದೀಗೆ. ಬಿಲ ಕಂಡವ ಮುಚ್ಚೂದು, ಆಮೇಲೆ ಹೇಳೂದು. ಯಾರದು ಅಂತ ಕೇಳ್ತಾ ಕೂತ್ರೆ ನೀರು ಕೇಳ್ತದಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು, "ಎಷ್ಟೋ ಗಜನಿ ಹಾಳು ಬಿದ್ದದೆ ಈಗ. ಒಡ್ಡು ಇಲ್ಲ ಅಂತಲ್ಲ. ಒಡ್ಡಿನ ಮೇಲೆ ಓಡಾಡುವವರು ಇಲ್ಲ. ಎಲ್ಲ ಬೆಂಗಳೂರು, ಮುಂಬಯಿ."

ಆ ಕೊನೆಯ ಮಾತು ನನಗೇ ಹೇಳಿದ್ದೋ, ಪ್ಯಾಂಟ್ ಮಡಚಿಕೊಂಡು ನಿಂತ ನಮ್ಮೆಲ್ಲರಿಗೂ ಹೇಳಿದ್ದೋ. ನಾನು ಊರಲ್ಲಿದ್ದೇನೆ ನಿಜ, ಆದರೆ ಕೆಸರಿಗೆ ಕಾಲಿಟ್ಟು ಎಷ್ಟು ವರ್ಷ ಆಯಿತು?

ವಾಪಸು ಬರುವಾಗ ಟೆಂಪೋದಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಜಗುಲಿಯಲ್ಲಿ, ಈರುಳ್ಳಿ ಜಡೆಗಳ ಕೆಳಗೆ, ಮಾತು ತಾನಾಗಿಯೇ ಬಂತು. ಶುರು ನಾನೇ ಮಾಡಿದೆ. ಆಗಸ್ಟಿನ ಆ ಒಂದು ಸಾಲು ಬರೆಯಬಾರದಿತ್ತು, ಎಲ್ಲರ ಮುಂದಂತೂ ಬರೆಯಲೇಬಾರದಿತ್ತು ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶಿವಮೊಗ್ಗದವನು ಹೇಳಿದ, "ಆ ರಾತ್ರಿ ಹನ್ನೊಂದೂವರೆಗೆ ನಾನು ಎಚ್ಚರ ಇದ್ದೆ. ಏನೋ ತಪ್ಪಾಗಿದೆ ಅಂತ ಪರದೆಯಲ್ಲಿ ಕಾಣ್ತಾ ಇತ್ತು. ನನ್ನ ಪಾಳಿ ಅಲ್ಲ ಅಂತ ಮಲಗಿದೆ." ಏಳು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನಂತೆ. ಕೊಯಮತ್ತೂರಿನವಳು, ಸಂಜೆ ಆರರ ಮೀಟಿಂಗಿನಲ್ಲಿ ತಾನು ಮಗುವಿಗೆ ಊಟ ಮಾಡಿಸುತ್ತಾ ಮ್ಯೂಟ್‌ನಲ್ಲಿ ಇರುತ್ತೇನೆ, ಅಲ್ಲಿ ತೀರ್ಮಾನವಾದ ಅರ್ಧ ವಿಷಯ ತನಗೆ ಗೊತ್ತಾಗುವುದಿಲ್ಲ, ಕೇಳಲು ನಾಚಿಕೆ ಅಂದಳು. ಬೆಂಗಳೂರಿನ ಇಬ್ಬರು, ತಾವು ಹೇಗೂ ಆಗಾಗ ಕಾಫಿಗೆ ಸಿಗುತ್ತೇವೆ, ಅಲ್ಲೇ ಎಷ್ಟೋ ತೀರ್ಮಾನ ಮಾಡಿಬಿಡುತ್ತೇವೆ, ಉಳಿದವರಿಗೆ ಹೇಳಬೇಕು ಅಂತ ಹೊಳೆದಿರಲೇ ಇಲ್ಲ ಅಂತ ಒಪ್ಪಿಕೊಂಡರು. ನಾಲ್ಕು ವರ್ಷದಲ್ಲಿ ಒಂದು ವಿಡಿಯೋ ಕಾಲಿನಲ್ಲೂ ಬಾರದ ಮಾತುಗಳು ಇವು.

ಅದಕ್ಕೆ ಎದುರಾಗಿ ಕುಳಿತು ಮಾತಾಡುವುದೇ ಬೇಕು ಅಂತ ನೀವು ಹೇಳಬಹುದು. ಸ್ವಲ್ಪ ನಿಜ. ವರ್ಷಕ್ಕೆ ಎರಡು ಸಲ ಸೇರಲೇಬೇಕು ಅಂತ ನಮ್ಮ ಟೀಮಿನ ಎಲ್ಲರಿಗೂ ಈಗ ಅನ್ನಿಸಿದೆ. ಆದರೆ ಉಳಿದ ಮುನ್ನೂರೈವತ್ತು ದಿನಗಳ ಗತಿ? ಗಿಟ್‌ಲ್ಯಾಬ್ ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಉಕ್ರೇನಿನಲ್ಲಿ, ಒಬ್ಬರು ನೆದರ್‌ಲ್ಯಾಂಡ್ಸಿನಲ್ಲಿ ಇದ್ದವರು. ಕೆಲಸ ಹೇಗೆ ನಡೆಯುತ್ತದೆ ಅನ್ನೋದನ್ನು ಬರೆದಿಟ್ಟು ಆ ಕೈಪಿಡಿಯನ್ನು ಯಾರು ಬೇಕಾದರೂ ಓದುವ ಹಾಗೆ ಜಾಲತಾಣದಲ್ಲಿ ಹಾಕಿದ್ದಾರೆ. ನಾನು ಅದನ್ನು ಮೊದಲೇ ಓದಿದ್ದೆ, ಕಾಪಿ ಮಾಡಿ ನಮ್ಮ ಟೀಮಿಗೂ ಒಂದು ಬರೆದಿದ್ದೆ. ಯಾರೂ ಓದಲಿಲ್ಲ. ಬೇರೆಯವರ ಒಡ್ಡಿನ ನಕ್ಷೆ ನಮ್ಮ ಹೊಳೆಗೆ ಯಾಕಾದರೂ ಬೇಕು?

ಈ ಸಲ ಮೊದಲ ಪುಟವನ್ನು ನಾನು ಬರೆಯಲಿಲ್ಲ. ಮಾರನೆಯ ಬೆಳಿಗ್ಗೆ ರಾಯಚೂರಿನ ಹುಡುಗನಿಗೆ ಫೋನ್ ಮಾಡಿದೆ. ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಫೋನ್ ಎತ್ತಲಿಕ್ಕಿಲ್ಲ ಅಂದುಕೊಂಡಿದ್ದೆ, ಎತ್ತಿದ. ತಪ್ಪಾಯಿತು ಅಂದೆ. "ಇರಲಿ ಬಿಡ್ರಿ" ಅಂದ, ಆದರೆ ತಕ್ಷಣ ಅನ್ನಲಿಲ್ಲ. ಆ ರಾತ್ರಿ ಏನೇನಾಯಿತು, ಯಾವ ಹೊತ್ತಿಗೆ ಏನು ಅನ್ನಿಸಿತು ಅಂತ ಬರೆದು ಕೊಡುತ್ತೀಯಾ, ಹೆಸರು ಹಾಕುವುದಿಲ್ಲ ಅಂತ ಕೇಳಿದೆ. ವಾರ ಬಿಟ್ಟು ಒಂದೂವರೆ ಪುಟ ಬಂತು. 'ರಾತ್ರಿ 1.40: ಈಗ ಹೇಳಿದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ' ಅಂತ ಒಂದು ಸಾಲಿದೆ ಅದರಲ್ಲಿ. ನಮ್ಮ ಟೀಮಿಗೆ ಯಾರೇ ಹೊಸದಾಗಿ ಸೇರಿದರೂ ಮೊದಲು ಓದುವುದು ಆ ಪುಟವನ್ನು.

ಅದರ ಮೇಲೆ ಉಳಿದದ್ದನ್ನು ಕಟ್ಟಿದೆವು. ರಾತ್ರಿಯ ಬಿಡುಗಡೆಗೆ ಯಾರೂ ಒಬ್ಬರೇ ಇಲ್ಲ, ಎಷ್ಟೇ ಸಣ್ಣದಿರಲಿ. ಯಾರನ್ನು ಎಷ್ಟು ಹೊತ್ತಿಗೆ ಎಬ್ಬಿಸಬಹುದು ಅಂತ ಅವರವರೇ ಬರೆದಿಟ್ಟ ಪಟ್ಟಿ ಇದೆ. ಪುಣೆಯವರು 'ಯಾವಾಗ ಬೇಕಾದರೂ, ಆದರೆ ಎರಡು ಸಲ ರಿಂಗ್ ಮಾಡಿ' ಅಂತ ಬರೆದಿದ್ದಾರೆ. ತೀರ್ಮಾನ ಯಾವುದೇ ಆಗಲಿ, ಕಾಫಿ ಕುಡಿಯುತ್ತಾ ಆದದ್ದಾದರೂ, ಅದೇ ದಿನ ನಾಲ್ಕು ಸಾಲು ಬರೆಯಬೇಕು. ಬರೆಯದಿದ್ದರೆ ಅದು ತೀರ್ಮಾನವೇ ಅಲ್ಲ. ಏನಾದರೂ ಕೆಟ್ಟರೆ ಮೊದಲು ಸರಿಮಾಡೋದು, ಆಮೇಲೆ ಎಲ್ಲಿ ತೂತಿತ್ತು ಅಂತ ಬರೆಯೋದು. ಆ ಬರಹದಲ್ಲಿ ವ್ಯಕ್ತಿಯ ಹೆಸರು ಇರಬಾರದು. ಹೊಸಬರಿಗೆ ಮೊದಲ ತಿಂಗಳು ಒಬ್ಬ ಜೋಡಿ, ದಿನಾ ಅರ್ಧ ಗಂಟೆ ಸುಮ್ಮನೆ ಫೋನು ತೆರೆದಿಟ್ಟುಕೊಂಡು ಇಬ್ಬರೂ ತಮ್ಮ ತಮ್ಮ ಕೆಲಸ ಮಾಡುವುದು.

ಎಲ್ಲವೂ ಗೆದ್ದಿಲ್ಲ. ಸಂಜೆ ಐದಕ್ಕೆ 'ಕವಳದ ಹೊತ್ತು' ಅಂತ ಹರಟೆಯ ಕರೆ ಇಟ್ಟಿದ್ದೆ. ಎರಡು ವಾರ ಎಲ್ಲರೂ ಬಂದರು, ಮೂರನೆಯ ವಾರ ನಾನೊಬ್ಬಳೇ. ಹೇಳಿ ಮಾಡಿಸಿದ ಹರಟೆ ಹರಟೆಯಲ್ಲ, ಬಿಟ್ಟುಬಿಟ್ಟೆ. ಇನ್ನೊಂದು, ವಿಚಾರಿಸುವುದಕ್ಕೂ ಕಣ್ಣಿಡುವುದಕ್ಕೂ ನಡುವಿನ ಗೆರೆ ತೆಳುವಾದದ್ದು. ಅದು ಊರಲ್ಲಿದ್ದವರಿಗೆ ಚೆನ್ನಾಗಿ ಗೊತ್ತು. "ಊಟ ಆತನೇ?" ಅನ್ನುವ ಬಾಯೇ ಮರುಗಳಿಗೆ "ಮದುವೆ ಯಾವಾಗ?" ಅನ್ನುತ್ತದೆ. ನಾನೂ ಒಂದು ಹುಡುಗಿಗೆ ಮೂರು ದಿನ ಬಿಡದೆ "ಆರಾಮಿದ್ದೀಯಾ?" ಅಂತ ಮೆಸೇಜ್ ಮಾಡಿ, "ನಾನು ಚೆನ್ನಾಗೇ ಇದ್ದೀನಿ, ಸ್ವಲ್ಪ ಹೊತ್ತು ಕೆಲಸ ಮಾಡ್ಲಾ?" ಅನ್ನಿಸಿಕೊಂಡಿದ್ದೇನೆ.

ಕಂಪನಿಗೆ ಏಪ್ರಿಲ್ ಮೊದಲ ವಾರ ಉತ್ತರ ಕಳಿಸಿದೆ. ಟ್ರಿಪ್ ಡಾಟ್ ಕಾಮ್‌ನ 1,612 ನೌಕರರ ಮೇಲೆ ನಡೆದ, 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ಜೊತೆಗಿಟ್ಟೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರ ಕೆಲಸ ಕೆಡಲಿಲ್ಲ, ಕೆಲಸ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು ಅನ್ನುತ್ತದೆ. ಪ್ರಾಮಾಣಿಕವಾಗಿ ಇದನ್ನೂ ಬರೆದೆ: ಅವರು ಉಳಿದ ಮೂರು ದಿನ ಆಫೀಸಿಗೆ ಹೋಗುತ್ತಿದ್ದರು, ನಮ್ಮದು ಪೂರ್ತಿ ದೂರದ ಟೀಮು, ಅದಕ್ಕೇ ನಮಗೆ ಇಷ್ಟೆಲ್ಲ ಬೇಕು. ಕಾವಲು ಸಾಫ್ಟ್‌ವೇರು ನಮ್ಮ ಟೀಮಿಗೆ ಬೇಡ ಅಂತಲೂ ಬರೆದೆ. ಸೆಪ್ಟೆಂಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಸಾಫ್ಟ್‌ವೇರು ಮಾತ್ರ ಹೋಗಿಲ್ಲ, ಫ್ಯಾನು ತಿರುಗುತ್ತಲೇ ಇದೆ.

ಇದನ್ನು ಬರೆಯುತ್ತಿರುವುದು ಜುಲೈ ತಿಂಗಳಲ್ಲಿ. ಮೊನ್ನೆ ರಾತ್ರಿ ಒಂದು ಬಿಡುಗಡೆ ಇತ್ತು. ಜೂನಿನಲ್ಲಿ ಸೇರಿದ ಹೊಸ ಹುಡುಗಿಯ ಸರದಿ, ಜೋಡಿಗೆ ನಾನು. ಒಂಬತ್ತಕ್ಕೆ ಗಾಳಿ ಎದ್ದಿತು, ಹತ್ತಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಹಿಡಿದುಕೊಂಡಿತು, ಕೇಬಲ್ ಹಿಡಿಯಲಿಲ್ಲ. ಅಂಗಳದ ಮೂಲೆಯಲ್ಲಿ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಕೊಡೆ ಹಿಡಿದು ಅಲ್ಲಿಗೆ ಹೋಗುವಷ್ಟರಲ್ಲಿ ಅವಳೇ ಫೋನ್ ಮಾಡಿದಳು.

"ಅಕ್ಕಾ, ಏನೂ ಆಗಿಲ್ಲ. ಒಂದು ಲಾಗ್ ಯಾಕೋ ಬೇರೆ ಥರ ಕಾಣ್ತಿದೆ. ಕೇಳೋಣ ಅನ್ನಿಸ್ತು. ಎಬ್ಬಿಸಿದ್ನಾ?"

ಒಳಗಿನಿಂದ ಆಯಿ ಕೂಗಿದರು, "ಈ ಮಳೆಯಲ್ಲಿ ಯಾರ ಹತ್ರನೇ ಮಾತಾಡ್ತಾ ಇದ್ದೆ?"

"ಆಫೀಸು," ಅಂದೆ. ಕೊಡೆಯನ್ನು ಕುತ್ತಿಗೆಗೆ ಒತ್ತಿಹಿಡಿದು ಅವಳಿಗೆ, "ಇಲ್ಲ, ಹೇಳು. ಮೊದಲ ಸಾಲಿಂದ ಓದು," ಅಂದೆ.